ಎಲ್ಲವನ್ನೂ ಬಲ್ಲವನು ಕೇಳುವ ಪ್ರಶ್ನೆ

ಎಲೀಷ ಪ್ರವಾದಿ ತನ್ನ ಆಳನ್ನು ಕೇಳಿದ್ದು ಒಂದೇ ಮಾತು: ಗೇಹಜೀ, ಎಲ್ಲಿಗೆ ಹೋಗಿದ್ದೆ? ಆಳಿನ ಉತ್ತರವೂ ಗಿಡ್ಡವೇ: ಎಲ್ಲಿಗೂ ಇಲ್ಲ. ಎಲೀಷನ ಮಾತಿನಂತೆ ನಡೆದು ಕುಷ್ಠ ವಾಸಿಯಾದ ಅರಾಮ್ಯ ಸೇನಾಪತಿ ನಾಮಾನ ಕೊಡಬಂದ ಕಾಣಿಕೆಯನ್ನು ಪ್ರವಾದಿ ಬೇಡವೆಂದಿದ್ದ. ಗೇಹಜಿ ಅವನ ಹಿಂದೆ ಓಡಿ, ಯಜಮಾನನ ಹೆಸರಿನಲ್ಲಿ ಸುಳ್ಳು ಹೇಳಿ ಅದರಲ್ಲಿ ಒಂದು ಪಾಲು ಪಡೆದಿದ್ದ. ಆ ಹೊತ್ತಿಗೆ ಅವನ ಮನೆಯೊಳಗೆ ಎರಡು ಚೀಲಗಳಲ್ಲಿ ಎರಡು ತಲಾಂತು ಬೆಳ್ಳಿ, ಎರಡು ಜೊತೆ ಬಟ್ಟೆ ಸೇರಿಯಾಗಿತ್ತು. ಒಂದು ತಲಾಂತು ಎಂದರೆ ಮೂವತ್ತು ಕಿಲೋ ಮೀರಿದ ತೂಕ. ಎರಡು ತಲಾಂತು ಹೊರಲು ನಾಮಾನನ ಇಬ್ಬರು ಆಳುಗಳೇ ಬೇಕಾದರು. ಗುಡ್ಡದ ಹತ್ತಿರ ಬಂದಾಗ ಗೇಹಜಿ ಹೊರೆಯನ್ನು ತಾನೇ ಇಸಿದುಕೊಂಡು ಮನೆಯಲ್ಲಿಟ್ಟ, ಆಳುಗಳನ್ನು ಕಳುಹಿಸಿಬಿಟ್ಟ. ಕಂಡವರು ಯಾರೂ ಉಳಿಯಲಿಲ್ಲ. ಆಮೇಲೆ ಒಳಗೆ ಹೋಗಿ ಯಜಮಾನನ ಮುಂದೆ ಎಂದಿನಂತೆ ನಿಂತ.

2 ಅರಸುಗಳು 5ನೇ ಅಧ್ಯಾಯದ ಈ ಪ್ರಸಂಗವನ್ನು ದುರಾಸೆಯ ಪಾಠವೆಂದು ಹೇಳಿ ಮುಗಿಸುವುದೇ ಹೆಚ್ಚು. ನಿಧಾನಿಸಿ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ನಾಮಾನನ ರಥದ ಹಿಂದೆ ಓಡಲು ಮನಸ್ಸು ಮಾಡಿದಾಗ ಗೇಹಜಿ ಆಣೆ ಇಟ್ಟದ್ದು ಯೆಹೋವನ ಜೀವದ ಮೇಲೆ. ಮೋಸಕ್ಕೆ ಹೊರಟ ಬಾಯಲ್ಲೂ ದೇವರ ಹೆಸರಿತ್ತು. ದೇವರನ್ನು ಅವನು ಅಲ್ಲಗಳೆದಿರಲಿಲ್ಲ, ದೇವರ ಕಣ್ಣನ್ನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ, ಅಷ್ಟೆ. ದೇವರು ಸರ್ವಜ್ಞನೆಂದು ಒಪ್ಪಿಕೊಳ್ಳುವುದು ಸುಲಭ, ಆ ಕಣ್ಣೆದುರಿಗೆ ಬದುಕುವುದು ಬೇರೆಯೇ ಕೆಲಸ. ಕ್ರೈಸ್ತ ನಂಬಿಕೆಯಲ್ಲಿ ಯಥಾರ್ಥತೆ ಎನ್ನುವುದು ಈ ಎರಡನೆಯ ಕೆಲಸಕ್ಕೆ.

ಗೊತ್ತಿದ್ದೂ ಕೇಳುವುದೇಕೆ?

ಎಲೀಷನಿಗೆ ಮೊದಲೇ ಗೊತ್ತಿತ್ತು. ಆ ಮನುಷ್ಯ ರಥದಿಂದ ಇಳಿದು ನಿನ್ನ ಎದುರು ಬಂದಾಗ ನನ್ನ ಮನಸ್ಸು ಅಲ್ಲಿರಲಿಲ್ಲವೇ ಎಂದು ಮರುಕ್ಷಣವೇ ಹೇಳುತ್ತಾನೆ. ಗೊತ್ತಿದ್ದೂ ಕೇಳಿದ. ಬೈಬಲಿನ ಉದ್ದಕ್ಕೂ ಇದೇ ರೀತಿ. ಏದೆನ್ ತೋಟದಲ್ಲಿ ಆದಾಮನಿಗೆ "ಎಲ್ಲಿದ್ದೀ?" (ಆದಿಕಾಂಡ 3:9). ತಮ್ಮನನ್ನು ಕೊಂದ ಕಾಯಿನನಿಗೆ "ನಿನ್ನ ತಮ್ಮ ಎಲ್ಲಿ?" (4:9). ಉತ್ತರ ಬೇಕಾಗಿ ಕೇಳಿದ ಪ್ರಶ್ನೆಗಳಲ್ಲ ಇವು. ಸಿಕ್ಕಿಬಿದ್ದವನಿಗೆ ತನ್ನ ಬಾಯಿಂದಲೇ ನಿಜ ಹೇಳಲು ತೆರೆದುಕೊಟ್ಟ ಬಾಗಿಲು. ಆದಾಮ ಅರ್ಧ ನಿಜ ಹೇಳಿದ, ಹೆದರಿ ಅಡಗಿಕೊಂಡೆ ಎಂದ, ಹಣ್ಣಿನ ಮಾತೇ ಎತ್ತಲಿಲ್ಲ. ಕಾಯಿನ ನನಗೆ ಗೊತ್ತಿಲ್ಲ ಎಂದ. ಗೇಹಜಿ ಎಲ್ಲಿಗೂ ಇಲ್ಲ ಎಂದ. ಮೊದಲನೆಯ ತಪ್ಪಿನ ಮೇಲೆ ಎರಡನೆಯದು ಕೂತದ್ದು ಉತ್ತರ ಕೊಡುವ ಆ ಗಳಿಗೆಯಲ್ಲಿ.

ಅದೇ ಬಾಗಿಲಲ್ಲಿ ಒಳಗೆ ಬಂದವರೂ ಇದ್ದಾರೆ. ಗರ್ಭಿಣಿಯಾದ ದಾಸಿ ಹಾಗರಳು ಸಾರಯಳ ಕಾಟ ತಾಳದೆ ಅಡವಿಗೆ ಓಡಿಹೋಗಿದ್ದಳು. ಒರತೆಯ ಬಳಿ ದೇವದೂತ ಕೇಳಿದ: ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ? ಯಜಮಾನಿಯಿಂದ ತಪ್ಪಿಸಿಕೊಂಡು ಓಡಿಹೋಗುತ್ತಿದ್ದೇನೆ ಎಂದಳು, ಅಲಂಕಾರವಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ. ದೇವರಿಗೆ "ನನ್ನನ್ನು ನೋಡುವವನು" ಎಂದು ಹೆಸರಿಟ್ಟವಳು ಇವಳೇ (ಆದಿಕಾಂಡ 16:13). ಆ ಒರತೆಗೆ ಲಹೈರೋಯಿ ಎಂಬ ಹೆಸರು ನಿಂತಿತು. ದೇವರ ಸರ್ವದರ್ಶಿತ್ವದ ಕುರಿತು ಧರ್ಮಗ್ರಂಥದಲ್ಲಿ ಬರುವ ಮೊದಲ ದೊಡ್ಡ ಮಾತು ಒಬ್ಬ ಅನಾಥ ಹೆಣ್ಣಿನ ಬಾಯಲ್ಲಿ ನೆಮ್ಮದಿಯ ಉದ್ಗಾರವಾಗಿ ಬಂತು. ಇದನ್ನು ಮರೆತು ಆ ಕಣ್ಣನ್ನು ಬರೀ ಪೊಲೀಸನ ಕಣ್ಣಾಗಿ ಬೋಧಿಸಿದಾಗೆಲ್ಲ ಜನ ಯಥಾರ್ಥರಾಗುವ ಬದಲು ಅಡಗಿಕೊಳ್ಳುವುದರಲ್ಲಿ ಜಾಣರಾಗುತ್ತಾರೆ.

ಯಾಕೋಬನದು ಇನ್ನೂ ಸೂಕ್ಷ್ಮ. ಕುರುಡು ತಂದೆ "ನೀನು ಯಾರು?" ಎಂದು ಕೇಳಿದಾಗ ನಾನು ಏಸಾವ ಎಂದು ಅಣ್ಣನ ಹೆಸರು ಹೇಳಿ ಆಶೀರ್ವಾದ ದೋಚಿದವನು ಅವನು (27:19). ಇಪ್ಪತ್ತು ವರ್ಷ ಮಾವ ಲಾಬಾನನ ಬಳಿ ದುಡಿದು ಹಿಂತಿರುಗುವಾಗ, ಯಬ್ಬೋಕ್ ಹೊಳೆಯ ಬಳಿ ರಾತ್ರಿಯೆಲ್ಲ ಅವನೊಂದಿಗೆ ಹೋರಾಡಿದಾತ ಕೇಳಿದ: ನಿನ್ನ ಹೆಸರೇನು? ಈ ಸಾರಿ "ಯಾಕೋಬ" ಎಂದ. ಮತ್ತೆ ಆಶೀರ್ವಾದ ಸಿಕ್ಕಿತು, ಈಗ ಅವನದೇ ಹೆಸರಿನಲ್ಲಿ, ಜೊತೆಗೆ ಹೊಸ ಹೆಸರೂ.

ಇಡಿಯಾಗಿರುವುದು

"ನನ್ನ ಸಮ್ಮುಖದಲ್ಲಿ ನಡೆ, ನಿರ್ದೋಷಿಯಾಗಿರು" ಎಂದು ದೇವರು ಅಬ್ರಹಾಮನಿಗೆ ಹೇಳುವಲ್ಲಿ (ಆದಿಕಾಂಡ 17:1) ನಿರ್ದೋಷಿ ಎಂಬುದರ ಹೀಬ್ರೂ ಪದ "ತಾಮೀಮ್". ಯಜ್ಞಕ್ಕೆ ತರುವ ಪಶು ಊನವಿಲ್ಲದ್ದಾಗಿರಬೇಕು ಎನ್ನುವಲ್ಲಿಯೂ ಇದೇ ಪದ (ಯಾಜಕಕಾಂಡ 1:3). ಮಾರಿದ ಮನೆಯನ್ನು ಬಿಡಿಸಿಕೊಳ್ಳಲು "ಪೂರ್ತಿ ಒಂದು ವರ್ಷ" ಗಡುವು ಎನ್ನುವಲ್ಲಿಯೂ ಇದೇ (25:30). ಒಂದು ದಿನವೂ ಕಡಿಮೆಯಿಲ್ಲದ ವರ್ಷ, ತುಂಡಾಗದ ವಸ್ತು, ಊನವಾಗದ ಕುರಿ. ಆದ್ದರಿಂದ ಯಥಾರ್ಥತೆಯ ಒಳಗಿರುವ ಮೂಲ ಭಾವ ಇಡಿತನ. ಸಭೆಯಲ್ಲಿ ಒಬ್ಬ, ಕಚೇರಿಯಲ್ಲಿ ಇನ್ನೊಬ್ಬ, ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಮೂರನೆಯವನು ಎಂದು ಸೀಳಿಹೋಗದಿರುವುದು. ಕೀರ್ತನೆ 101ರಲ್ಲಿ ದಾವೀದ ಮಾಡುವ ಪ್ರತಿಜ್ಞೆ ಗಮನಿಸಿ: ಯಥಾರ್ಥ ಹೃದಯದಿಂದ ನಡೆಯುವುದು ಎಲ್ಲಿ ಎಂದರೆ ತನ್ನ ಮನೆಯೊಳಗೆ. ಅರಮನೆಯ ದರ್ಬಾರಿನ ಮಾತು ಆಮೇಲೆ.

ಯೇಸು ಇದರ ವಿರುದ್ಧ ಪದವಾಗಿ ಬಳಸಿದ್ದು ಗ್ರೀಕಿನ "ಹುಪೊಕ್ರಿತೇಸ್", ನಾಟಕದ ನಟನಿಗೆ ಹೇಳುವ ಮಾತು. ಮತ್ತಾಯ 6ರಲ್ಲಿ ದಾನ, ಪ್ರಾರ್ಥನೆ, ಉಪವಾಸ ಮೂರಕ್ಕೂ ಒಂದೇ ಅಳತೆ: ಯಾರ ಕಣ್ಣಿಗಾಗಿ? ಜನರಿಗಾಗಿ ಆದರೆ ಕೂಲಿ ಆಗಲೇ ಸಂದಾಯವಾಯಿತು. ಅಂತರಂಗದಲ್ಲಿ ನೋಡುವ ತಂದೆಗಾಗಿ ಆದರೆ ಎಡಗೈಗೂ ಸುದ್ದಿ ಬೇಡ. ಹೀಗಾಗಿ ಗುಟ್ಟೆಲ್ಲ ಅಪ್ರಾಮಾಣಿಕತೆಯಲ್ಲ. ಇನ್ನೊಬ್ಬರ ಗುಟ್ಟನ್ನು ಕಾಪಾಡುವವನನ್ನು ಜ್ಞಾನೋಕ್ತಿ 11:13 ನಂಬಿಗಸ್ತನೆಂದೇ ಕರೆಯುತ್ತದೆ. ಬೆಳಕಿಗೆ ಬಂದರೆ ನಮ್ಮ ಮುಖವಾಡ ಕಳಚುತ್ತದೆಂದು ಬಚ್ಚಿಡುವುದಿದೆಯಲ್ಲ, ಅದು ರೋಗ.

ಇಬ್ರಿಯರಿಗೆ ಬರೆದ ಪತ್ರಿಕೆಯ 4:13 ಕೇಳಲು ಕಠೋರ. ಆತನ ಕಣ್ಣಿಗೆ ಎಲ್ಲವೂ ಬೆತ್ತಲೆ, ಎಲ್ಲವೂ ಬಟ್ಟಬಯಲು. ಬಟ್ಟಬಯಲು ಎಂಬುದಕ್ಕೆ ಇಲ್ಲಿರುವ ಗ್ರೀಕ್ ಪದ ಹುಟ್ಟಿದ್ದು ಕುತ್ತಿಗೆ ಎಂಬ ಪದದಿಂದ. ಕತ್ತು ಹಿಂದಕ್ಕೆ ಬಾಗಿಸಿ ಗಂಟಲು ತೆರೆದಿಟ್ಟಂತೆ. ಅಲ್ಲಿಗೇ ನಿಲ್ಲಿಸುವ ಬೋಧಕರು ಕೇಳುಗರಿಗೆ ಅನ್ಯಾಯ ಮಾಡುತ್ತಾರೆ. ಮೂರು ವಚನ ಮುಂದೆ, 4:16ರಲ್ಲಿ, ಅದೇ ಲೇಖಕ "ಧೈರ್ಯವಾಗಿ ಕೃಪಾಸನದ ಮುಂದೆ ಬನ್ನಿ" ಎನ್ನುತ್ತಾನೆ. ನಡುವೆ ಇರುವುದು ನಮ್ಮ ಬಲಹೀನತೆಯನ್ನು ಬಲ್ಲ ಮಹಾಯಾಜಕ ಯೇಸು. ಎಲ್ಲವನ್ನೂ ನೋಡಿದ ಮೇಲೂ ದೂಡದವನೆಂದು ಗೊತ್ತಾದಾಗ ಮಾತ್ರ ಮನುಷ್ಯ ನಿಜ ಹೇಳುತ್ತಾನೆ.

ಚೀಲದಲ್ಲಿ ಎರಡು ಕಲ್ಲು

ಯಥಾರ್ಥತೆಯನ್ನು ಧರ್ಮಶಾಸ್ತ್ರ ಭಾವನೆಯ ಮಟ್ಟದಲ್ಲಿ ಬಿಡುವುದಿಲ್ಲ, ತಕ್ಕಡಿಗೆ ತಂದು ಇಳಿಸುತ್ತದೆ. ಧರ್ಮೋಪದೇಶಕಾಂಡ 25:13 ಚೀಲದಲ್ಲಿ "ಕಲ್ಲು ಮತ್ತು ಕಲ್ಲು", ದೊಡ್ಡದೊಂದು ಚಿಕ್ಕದೊಂದು, ಇಟ್ಟುಕೊಳ್ಳಬಾರದು ಎನ್ನುತ್ತದೆ. ಆ ಕಾಲದ ತೂಕದ ಬಟ್ಟುಗಳು ಕಲ್ಲಿನವು. ಯೆಹೂದದ ಉತ್ಖನನಗಳಲ್ಲಿ ಸಿಕ್ಕ ಗುಮ್ಮಟಾಕಾರದ ಸುಣ್ಣಕಲ್ಲಿನ ಬಟ್ಟುಗಳಲ್ಲಿ ಶೆಕೆಲ್ ಎಂಬ ಅಂದಿನ ತೂಕದ ಅಳತೆ ಒಂದಕ್ಕೆ ಸುಮಾರು 11.3 ಗ್ರಾಂ ಬರುತ್ತದೆ. ಮೋಸದ ಬಗೆ ಸರಳ. ಕೊಳ್ಳುವಾಗ ಭಾರದ ಕಲ್ಲು, ಮಾರುವಾಗ ಹಗುರದ ಕಲ್ಲು. ಆಮೋಸ 8:5ರ ವ್ಯಾಪಾರಿಗಳು ಇನ್ನೊಂದು ಉಪಾಯ ಕಂಡುಕೊಂಡಿದ್ದರು: ಧಾನ್ಯ ಅಳೆಯುವ ಏಫವನ್ನು ಕಿರಿದುಮಾಡಿ, ಬೆಲೆಯ ಬೆಳ್ಳಿ ತೂಗುವ ಶೆಕೆಲನ್ನು ಹಿರಿದುಮಾಡುವುದು. ಒಂದೇ ವ್ಯವಹಾರದಲ್ಲಿ ಎರಡು ಕಡೆಯಿಂದ ಕೊಯ್ತ. ಒಂದು ಗ್ರಾಂ ವ್ಯತ್ಯಾಸ ಕೈಗೆ ತಿಳಿಯದು, ಗಿರಾಕಿಗೆ ಗೊತ್ತಾಗದು. ಅದಕ್ಕೇ ಜ್ಞಾನೋಕ್ತಿ 16:11 ಚೀಲದ ಕಲ್ಲುಗಳೆಲ್ಲ ಯೆಹೋವನ ಕೈಕೆಲಸ ಎನ್ನುತ್ತದೆ. ಪ್ರಾರ್ಥನೆಯಷ್ಟೇ ಬಟ್ಟೂ ದೇವರಿಗೆ ಸೇರಿದ್ದು.

ಇಂದಿನ ಎರಡು ಕಲ್ಲುಗಳನ್ನು ಹುಡುಕಲು ಒಂದು ವಿಧಾನವಿದೆ. ಒಂದೇ ಕೆಲಸವನ್ನು ನೀವು ಮಾಡಿದಾಗ ಕೊಡುವ ಹೆಸರು, ಬೇರೆಯವರು ಮಾಡಿದಾಗ ಕೊಡುವ ಹೆಸರು, ಎರಡನ್ನೂ ಪಕ್ಕಪಕ್ಕ ಬರೆಯಿರಿ. ನಾನು ತಡವಾದರೆ ಪರಿಸ್ಥಿತಿ, ಅವನು ತಡವಾದರೆ ಅಸಡ್ಡೆ. ನಾನು ಹೇಳಿದ್ದು ಸೌಮ್ಯವಾದ ಮರೆಮಾತು, ಅವಳು ಹೇಳಿದ್ದು ಸುಳ್ಳು. ಆರು ಗಂಟೆ ದುಡಿದು ಎಂಟೆಂದು ಬರೆದದ್ದು ನನಗೆ ಹೊಂದಾಣಿಕೆ, ಇನ್ನೊಬ್ಬನಿಗೆ ಕಳ್ಳತನ. ಹೆಸರು ಬದಲಾದ ಕಡೆ ಎರಡನೆಯ ಕಲ್ಲು ಇದೆ.

ಮಾತಿನ ವಿಷಯವೂ ಇದೇ ಜಾತಿಯದು. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದ ಯೇಸುವಿನ ಮಾತಿಗೆ (ಮತ್ತಾಯ 5:37) ಹಿನ್ನೆಲೆ, ಯಾವ ಆಣೆ ಕಟ್ಟುತ್ತದೆ, ಯಾವುದು ಕಟ್ಟುವುದಿಲ್ಲ ಎಂದು ಶ್ರೇಣಿ ಮಾಡಿಟ್ಟಿದ್ದ ಅಂದಿನ ಜಾಣತನ. ದೇವಾಲಯದ ಮೇಲಿನ ಆಣೆ ಹಗುರ, ಅದರ ಚಿನ್ನದ ಮೇಲಿನದು ಭಾರ ಎಂಬಂಥ ವಾದಗಳನ್ನು ಮತ್ತಾಯ 23ರಲ್ಲಿ ಆತ ಹರಿದುಹಾಕುತ್ತಾನೆ. ಕೀರ್ತನೆ 15:4ರಂತೆ, ಕೊಟ್ಟ ಮಾತಿನಿಂದ ತನಗೇ ನಷ್ಟವಾದರೂ ಬದಲಿಸದವನು ದೇವರ ಗುಡಾರದಲ್ಲಿ ಇಳಿದುಕೊಳ್ಳುವನು. ಅಷ್ಟಾದ ಮೇಲೆ ಪಾಲಿಸಬೇಕಾದ ಮೊದಲ ಶಿಸ್ತು, ಸುಲಭವಾಗಿ ಹೌದು ಎನ್ನದಿರುವುದು. "ನಿಮಗಾಗಿ ಪ್ರಾರ್ಥಿಸುತ್ತೇನೆ" ಎಂಬ ಮಾತು ಸಭೆಗಳಲ್ಲಿ ಎಷ್ಟು ಸಲೀಸಾಗಿ ಬರುತ್ತದೆ! ಹೇಳಿದ ಸ್ಥಳದಲ್ಲೇ ನಿಂತು ಅರ್ಧ ನಿಮಿಷ ಪ್ರಾರ್ಥಿಸಿಬಿಟ್ಟರೆ ಮಾತು ಅಲ್ಲೇ ತೀರುತ್ತದೆ.

ತಪ್ಪಿದ ಮೇಲೆ ಏನು ಮಾಡಬೇಕು

ಯಾಜಕಕಾಂಡ 6ರ ಆರಂಭದ ಏಳು ವಚನಗಳಷ್ಟು ಪ್ರಾಯೋಗಿಕವಾದ ಭಾಗ ಕಡಿಮೆ. ಒಪ್ಪಿಸಿದ ಒಡವೆ ನುಂಗಿದವನು, ಬಲಾತ್ಕಾರದಿಂದ ಕಿತ್ತವನು, ಸಿಕ್ಕ ವಸ್ತು ಸಿಕ್ಕಿಲ್ಲವೆಂದವನು, ಸುಳ್ಳಾಣೆಯಿಟ್ಟವನು ಏನು ಮಾಡಬೇಕೆಂದು ಅಲ್ಲಿದೆ. ಮೊದಲು ಅಸಲನ್ನು ಪೂರ್ತಿ ಕೊಡಬೇಕು, ಅದರ ಮೇಲೆ ಐದರಲ್ಲೊಂದು ಪಾಲು ಸೇರಿಸಬೇಕು. ನೂರು ನುಂಗಿದ್ದರೆ ನೂರಿಪ್ಪತ್ತು. ಯಾರದೋ ಅವರಿಗೇ ತಲುಪಿಸಬೇಕು, ಪ್ರಾಯಶ್ಚಿತ್ತ ಯಜ್ಞ ತರುವ ದಿನವೇ. ಅರಣ್ಯಕಾಂಡ 5:7 ಇದಕ್ಕೆ ಬಾಯಿಬಿಟ್ಟು ಅರಿಕೆ ಮಾಡುವುದನ್ನೂ ಸೇರಿಸುತ್ತದೆ. ಕದ್ದು ಸಿಕ್ಕಿಬಿದ್ದವನಿಗೆ ವಿಮೋಚನಕಾಂಡ 22ರ ದಂಡ ಬಹಳ ಹೆಚ್ಚು: ಕದ್ದ ಪ್ರಾಣಿ ಜೀವಂತ ಸಿಕ್ಕಿದರೆ ಎರಡರಷ್ಟು, ಕೊಂದಿದ್ದರೆ ಅಥವಾ ಮಾರಿದ್ದರೆ ಕುರಿಗೆ ನಾಲ್ಕು, ಎತ್ತಿಗೆ ಐದು. ಯಾರೂ ಹಿಡಿಯದೆ ತಾನಾಗಿ ಬಂದು ಒಪ್ಪಿಕೊಂಡವನಿಗೆ ಹೊರೆಯನ್ನು ಬೇಕೆಂದೇ ಹಗುರ ಮಾಡಿದೆ. ಜೆರಿಕೋವಿನ ಸುಂಕದವನಾದ ಜಕ್ಕಾಯ ಈ ರಿಯಾಯಿತಿಯನ್ನು ತೆಗೆದುಕೊಳ್ಳಲಿಲ್ಲ. ತಾನಾಗಿ ಎದ್ದುನಿಂತರೂ ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8).

ಈ ಕ್ರಮದಲ್ಲಿ ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಒಬ್ಬರಿಗೆ ಮೋಸಮಾಡಿ ಆ ಹಣವನ್ನು ಕಾಣಿಕೆ ಡಬ್ಬಿಗೆ ಹಾಕಿ ಸಮಾಧಾನಪಡುವುದು ಒಂದು. ಹಣ ಹೋಗಬೇಕಾದದ್ದು ಕಳೆದುಕೊಂಡವರಿಗೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಬಳಿ ಹೋಗು ಎಂದು ಮತ್ತಾಯ 5:24 ಹೇಳುವುದೂ ಇದನ್ನೇ. ಅವರು ತೀರಿಹೋಗಿ ಹತ್ತಿರದ ಬಂಧುವೂ ಇಲ್ಲದಿದ್ದರೆ ಮಾತ್ರ ಅದು ಯಾಜಕನಿಗೆ ಸೇರಬೇಕೆಂದು ಅರಣ್ಯಕಾಂಡ 5:8ರ ನಿಯಮ. ಇನ್ನೊಂದು, ಮಸುಕಾದ ಅರಿಕೆ. "ನನ್ನಿಂದ ಏನಾದರೂ ನೋವಾಗಿದ್ದರೆ ಕ್ಷಮಿಸಿ" ಎಂಬುದರಲ್ಲಿ ತಪ್ಪೂ ಇಲ್ಲ, ತಪ್ಪು ಮಾಡಿದವನೂ ಇಲ್ಲ. ಹೀಗೆ ಹೇಳಿ ನೋಡಿ: "ಮಂಗಳವಾರದ ಸಭೆಯಲ್ಲಿ ಆ ವರದಿ ನಾನೇ ಬರೆದದ್ದೆಂದು ಹೇಳಿದೆ. ಬರೆದದ್ದು ನೀವು. ಹೆಸರು ಬರಲಿ ಎಂಬ ಆಸೆಗೆ ಹಾಗೆ ಮಾಡಿದೆ. ಅಲ್ಲಿದ್ದ ಎಲ್ಲರಿಗೂ ಇವತ್ತು ನಿಜ ತಿಳಿಸುತ್ತೇನೆ." ದಿನ, ಕೃತ್ಯ, ಉದ್ದೇಶ, ಪರಿಹಾರ, ಎಲ್ಲ ಬಂತು, "ಆದರೆ" ಎಂಬ ಪದ ಬರಲಿಲ್ಲ. 1 ಯೋಹಾನ 1:9ರಲ್ಲಿ ಅರಿಕೆಮಾಡು ಎಂಬುದರ ಗ್ರೀಕ್ ಪದದ ಅರ್ಥ "ಅದನ್ನೇ ಹೇಳು", ಅಂದರೆ ದೇವರು ಅದನ್ನು ಏನೆಂದು ಕರೆಯುತ್ತಾನೋ ನಾವೂ ಅದನ್ನೇ ಕರೆಯುವುದು.

ಅರಿಕೆಯ ಅಗಲ ಹಾನಿಯ ಅಗಲದಷ್ಟಿರಲಿ. ಹತ್ತು ಜನರ ಮುಂದೆ ಅವಮಾನಿಸಿದ್ದರೆ ಆ ಹತ್ತು ಜನರ ಮುಂದೆ. ಮನಸ್ಸಿನಲ್ಲೇ ಹುಟ್ಟಿ ಮನಸ್ಸಿನಲ್ಲೇ ಉಳಿದ ಹೊಟ್ಟೆಕಿಚ್ಚನ್ನು ಆ ವ್ಯಕ್ತಿಯ ಬಳಿ ಹೋಗಿ ಹೇಳುವುದು ನಮ್ಮ ಭಾರವನ್ನು ಅವರ ತಲೆಗೆ ದಾಟಿಸುವ ಕೆಲಸ. ಅದಕ್ಕೆ ದೇವರ ಸನ್ನಿಧಿ ಇದೆ, ಬೇಕಾದರೆ ಸಭಾಪಾಲಕರು ಇದ್ದಾರೆ.

ದೇವರು ನೋಡುತ್ತಾನೆ, ಲೆಕ್ಕ ಯಾಕೆ?

ಈ ಮಾತನ್ನು ಸಭೆಯ ಹಣ ಹಿಡಿದವರ ಬಾಯಲ್ಲಿ ಕೇಳಿದರೆ ಎಚ್ಚರವಾಗಬೇಕು. ಯೆರೂಸಲೇಮಿನ ಬಡವರಿಗೆ ಹಣ ಸಂಗ್ರಹಿಸುವಾಗ ಅಪೊಸ್ತಲ ಪೌಲ ಇದಕ್ಕೆ ನೇರ ವಿರುದ್ಧವಾಗಿ ನಡೆದುಕೊಂಡ. ತನ್ನ ಜೊತೆಕೆಲಸಗಾರ ತೀತನ ಜೊತೆ ಇನ್ನಿಬ್ಬರು ಸಹೋದರರನ್ನು ಕಳುಹಿಸಿದ. ಅವರಲ್ಲೊಬ್ಬ ಸಭೆಗಳೇ ನೇಮಿಸಿದವನು. ಕಾರಣವನ್ನೂ ಬರೆದ: ಕರ್ತನ ದೃಷ್ಟಿಯಲ್ಲಷ್ಟೇ ಸಾಲದು, ಮನುಷ್ಯರ ದೃಷ್ಟಿಯಲ್ಲಿಯೂ ಸರಿಯಾದದ್ದನ್ನು ಮಾಡಬೇಕು (2 ಕೊರಿಂಥ 8:21). ದೇವರ ಕಣ್ಣಿನ ಕೆಳಗೆ ನಿಜವಾಗಿ ನಿಂತವನಿಗೆ ಲೆಕ್ಕಪರಿಶೋಧಕನ ಕಣ್ಣು ಭಾರವಾಗುವುದಿಲ್ಲ. ಕಾಣಿಕೆ ಎಣಿಸುವಾಗ ಕನಿಷ್ಠ ಇಬ್ಬರು, ಒಂದೇ ಮನೆಯವರಲ್ಲದವರು. ಎಣಿಸಿದ ಕೂಡಲೇ ಇಬ್ಬರ ಸಹಿ. ಹಣ ಬ್ಯಾಂಕಿಗೆ ಕಟ್ಟುವವರು ಬೇರೆ, ಪುಸ್ತಕ ಬರೆಯುವವರು ಬೇರೆ. ಇಷ್ಟಿದ್ದರೆ ಒಳ್ಳೆಯವರಿಗೆ ರಕ್ಷಣೆ, ಬಲಹೀನರಿಗೆ ಬೇಲಿ. ಹಾಳಾಗುವುದು ಸಾಮಾನ್ಯವಾಗಿ ವರ್ಷಗಟ್ಟಲೆ ಒಬ್ಬರನ್ನೇ ನಂಬಿ, ಕೇಳಿದರೆ ಅವಮಾನವಾದೀತೆಂದು ಸುಮ್ಮನಾದ ಕಡೆ.

ಸಂಖ್ಯೆಗಳೂ ಹಣದಂತೆಯೇ. 1948ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೋ ಪಟ್ಟಣದಲ್ಲಿ ಅಮೆರಿಕದ ಸುವಾರ್ತಿಕ ಬಿಲ್ಲಿ ಗ್ರಹಾಂ ತಮ್ಮ ಸಂಗಡಿಗರೊಂದಿಗೆ ಕೂತು ಸುವಾರ್ತಿಕರು ಎಡವುವ ಜಾಗಗಳನ್ನು ಪಟ್ಟಿ ಮಾಡಿದರು. ಹಣ, ಲೈಂಗಿಕ ಪ್ರಲೋಭನೆ, ಸ್ಥಳೀಯ ಸಭೆಗಳನ್ನು ಹೀಗಳೆಯುವುದು, ಇವುಗಳ ಜೊತೆಗೆ ನಾಲ್ಕನೆಯದಾಗಿ ಬಂದದ್ದು ಸಭಿಕರ ಸಂಖ್ಯೆಯನ್ನು ಉಬ್ಬಿಸಿ ಹೇಳುವುದು. ಎಂಟುನೂರು ಜನರನ್ನು ಸಾವಿರವೆಂದು ಹೇಳುವಾಗ ದೇವರ ಮಹಿಮೆಗಾಗಿಯೇ ಹೇಳುತ್ತಿದ್ದೇವೆ ಅನಿಸುತ್ತದೆ. ಹೊಲ ಮಾರಿದ ಹಣದಲ್ಲಿ ಸ್ವಲ್ಪ ಇಟ್ಟುಕೊಂಡು, ಉಳಿದದ್ದನ್ನೇ ಪೂರ್ತಿಯೆಂಬಂತೆ ಸಭೆಗೆ ಕೊಟ್ಟ ಗಂಡಹೆಂಡತಿ ಅನನೀಯ, ಸಪ್ಫೈರರ ತಪ್ಪೂ ಇಂಥದೇ. ಹೊಲ ನಿನ್ನದೇ ಆಗಿತ್ತಲ್ಲವೇ, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತಲ್ಲವೇ ಎಂದು ಯೇಸುವಿನ ಶಿಷ್ಯ ಪೇತ್ರ ಅನನೀಯನನ್ನು ಕೇಳಿದ. ಸ್ವಲ್ಪ ಇಟ್ಟುಕೊಂಡದ್ದರಲ್ಲಿ ಪಾಪವಿರಲಿಲ್ಲ, ಪೂರ್ತಿ ಕೊಟ್ಟವರಂತೆ ಕಾಣಿಸಿಕೊಂಡದ್ದರಲ್ಲಿತ್ತು. ಮೂರು ಗಂಟೆ ಕಳೆದು ಬಂದ ಹೆಂಡತಿಗೂ ಪೇತ್ರ ಆ ಬಾಗಿಲನ್ನು ತೆರೆದ: ಹೊಲವನ್ನು ಇಷ್ಟಕ್ಕೇ ಮಾರಿದಿರಾ, ಹೇಳು. ಹೌದು, ಇಷ್ಟಕ್ಕೇ ಎಂದಳು.

ದಿನದ ಕೊನೆಗೆ

ಈ ಪ್ರಶ್ನೆಗಳನ್ನು ದೇವರು ಕೇಳುವವರೆಗೆ ಕಾಯದೆ ದಿನಕ್ಕೊಮ್ಮೆ ನಾವೇ ಕೇಳಿಸಿಕೊಳ್ಳುವ ಪದ್ಧತಿ ಸಭೆಯಲ್ಲಿ ಹಳೆಯದು. ಹದಿನಾರನೆಯ ಶತಮಾನದಲ್ಲಿ ಜೆಸ್ವಿಟ್ ಸಂಘ ಕಟ್ಟಿದ ಲೊಯೋಲದ ಇಗ್ನೇಷಿಯಸ್ ಕಲಿಸಿದ ಆತ್ಮಪರೀಕ್ಷೆಗೆ ಐದು ಮೆಟ್ಟಿಲು. ದಿನದ ಉಪಕಾರಗಳಿಗೆ ಸ್ತೋತ್ರ, ತಪ್ಪು ಕಾಣುವ ಕೃಪೆಗಾಗಿ ಬೇಡಿಕೆ, ಬೆಳಗಿನಿಂದ ಗಂಟೆ ಗಂಟೆಯಾಗಿ ಆಲೋಚನೆ, ಮಾತು, ಕೃತ್ಯಗಳ ನೋಟ, ಕ್ಷಮೆ, ತಿದ್ದಿಕೊಳ್ಳುವ ನಿರ್ಧಾರ. ಸ್ತೋತ್ರವನ್ನು ಬಿಟ್ಟು ನೇರ ತಪ್ಪಿಗೆ ಇಳಿದರೆ ಪರೀಕ್ಷೆ ವಿಚಾರಣೆಯಾಗುತ್ತದೆ, ವಾರದೊಳಗೆ ನಿಂತೂ ಹೋಗುತ್ತದೆ. ಒಂದೇ ನಿರ್ದಿಷ್ಟ ದೋಷ ಹಿಡಿದು ಹೋರಾಡುವವರಿಗೆ ಆತ ಇನ್ನೊಂದು ಉಪಾಯ ಕೊಟ್ಟ: ದಿನಕ್ಕೆ ಎರಡು ಗೆರೆ ಎಳೆದು, ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ, ಎಷ್ಟು ಸಲ ಬಿದ್ದೆನೋ ಅಷ್ಟು ಚುಕ್ಕೆ ಇಡುವುದು. ಆಮೇಲೆ ಸಾಲಿಗೆ ಸಾಲು, ದಿನಕ್ಕೆ ದಿನ ಹೋಲಿಸುವುದು. ಹತ್ತು ನಿಮಿಷ ಸಾಕು.

ಒಬ್ಬರೇ ಮಾಡುವಾಗ ನಮ್ಮ ಕಣ್ಣೇ ನಮ್ಮನ್ನು ತಪ್ಪಿಸುತ್ತದೆ. ನನ್ನಲ್ಲಿ ದೋಷವಿದೆಯೆಂದು ನನಗೆ ತೋರುವುದಿಲ್ಲ, ಆದರೂ ಅದರಿಂದ ನಾನು ನೀತಿವಂತನೆಂದಾಗದು ಎಂದು ಪೌಲನೇ ಬರೆದ (1 ಕೊರಿಂಥ 4:4). ಮೆಥೊಡಿಸ್ಟ್ ಚಳವಳಿಯ ನಾಯಕ ಜಾನ್ ವೆಸ್ಲಿ 1738ರಲ್ಲಿ ರೂಪಿಸಿದ ಚಿಕ್ಕ ಕೂಟಗಳು ವಾರಕ್ಕೊಮ್ಮೆ ಸೇರುತ್ತಿದ್ದವು. ಕಳೆದ ಸಾರಿ ಸೇರಿದ ಮೇಲೆ ಗೊತ್ತಿದ್ದೂ ಮಾಡಿದ ಪಾಪ ಯಾವುದು, ಎದುರಾದ ಶೋಧನೆ ಯಾವುದು, ಹೇಗೆ ಬಿಡುಗಡೆಯಾಯಿತು, ಪಾಪವೋ ಅಲ್ಲವೋ ಎಂದು ಸಂದೇಹವಿರುವುದು ಏನಾದರೂ ಇದೆಯೇ, ಬಚ್ಚಿಡಬೇಕೆನಿಸುವುದು ಏನೂ ಇಲ್ಲವೇ ಎಂದು ಪ್ರತಿಯೊಬ್ಬರಿಗೂ ಕೇಳಲಾಗುತ್ತಿತ್ತು. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಚುರುಕು. ಕೇಳಿದ್ದು ಆ ಕೋಣೆಯಾಚೆ ಹೋಗದಿದ್ದರೆ ಮಾತ್ರ ಇಂಥ ಕೂಟ ಬದುಕುತ್ತದೆ. ಒಬ್ಬರ ಅರಿಕೆ ಮುಂದಿನ ವಾರ ಇನ್ನೊಬ್ಬರ "ಪ್ರಾರ್ಥನಾ ವಿಷಯ" ಆಯಿತೆಂದರೆ ಮುಗಿಯಿತು. ಫೋನಿನಲ್ಲಿ ನೋಡಿದ್ದನ್ನು ಗೆಳೆಯನಿಗೆ ವರದಿ ಮಾಡುವ ಆಪ್‌ಗಳು ಬೇಲಿಯಾಗಿ ಉಪಯುಕ್ತ. ಆದರೆ ಆಪ್‌ನ ಕಣ್ಣಿಗಷ್ಟೇ ಹೆದರುವವನು ಇನ್ನೊಂದು ಫೋನ್ ಕೊಳ್ಳುತ್ತಾನೆ.

ಎದುರು ಬದಿಯ ಹಳ್ಳವೂ ಇದೆ. ಮುಂದೆ ಸಭಾಸುಧಾರಕನಾದ ಮಾರ್ಟಿನ್ ಲೂಥರ್ ಯುವಕನಾಗಿದ್ದಾಗ ಮಠದಲ್ಲಿ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ತನ್ನ ಹಿರಿಯ ಸ್ಟೌಪಿಟ್ಸ್‌ರನ್ನು ದಣಿಸುತ್ತಿದ್ದ. ಆಗಲೇ ಅರಿಕೆಯಾದ ಪಾಪ ಮತ್ತೆ ಮತ್ತೆ ಎದ್ದು ಬರುತ್ತಿದ್ದರೆ, ಪಾಪವೇ ಅಲ್ಲದ್ದು ಪಾಪವೆಂದು ಕಾಡುತ್ತಿದ್ದರೆ ಇನ್ನಷ್ಟು ಆಳಕ್ಕೆ ಅಗೆಯುವುದು ಮದ್ದಲ್ಲ. ಅನುಭವಸ್ಥರಾದ ಒಬ್ಬರನ್ನೇ ಹಿಡಿದುಕೊಂಡು, ಅವರು ಸಾಕು ಎಂದಲ್ಲಿ ನಿಲ್ಲಿಸಬೇಕೆಂಬುದು ಹಳೆಯ ಸಲಹೆ. ನಿದ್ದೆ, ಊಟ ಕೆಡುವಷ್ಟಾದರೆ ವೈದ್ಯರ ಬಳಿ ಹೋಗುವುದು ಅವಿಶ್ವಾಸವಲ್ಲ. ಕೀರ್ತನೆ 139ರ ಕೊನೆಯ ಪ್ರಾರ್ಥನೆಯಲ್ಲಿ ಶೋಧಿಸುವ ಕೆಲಸ ದೇವರದು: ನನ್ನನ್ನು ಪರೀಕ್ಷಿಸು, ನನ್ನ ಹೃದಯವನ್ನು ತಿಳಿದುಕೋ, ನನ್ನನ್ನು ನಡೆಸು. ಅದೇ ಕೀರ್ತನೆಯ ನಡುವೆ "ನಿನ್ನ ಸನ್ನಿಧಿಯಿಂದ ಎಲ್ಲಿಗೆ ಓಡಲಿ?" ಎಂದು ಕೇಳಿದ ಮನುಷ್ಯನೇ ಇಲ್ಲಿ ಬಾಗಿಲು ತೆರೆದು ನಿಂತಿದ್ದಾನೆ.

ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿ ಕಾಯಿಸಿಕೊಳ್ಳುತ್ತ ಪೇತ್ರ ಯೇಸುವನ್ನು ಮೂರು ಸಾರಿ ಅಲ್ಲಗಳೆದ. ಯೋಹಾನ 21ರಲ್ಲಿ, ಸಮುದ್ರದ ದಡದಲ್ಲಿ, ಮತ್ತೆ ಇದ್ದಲ ಬೆಂಕಿ. ಮೀನು ಸುಟ್ಟು ಊಟವಾದ ಮೇಲೆ ಪುನರುತ್ಥಾನ ಹೊಂದಿದ ಯೇಸು ಕೇಳಿದ: ನನ್ನನ್ನು ಪ್ರೀತಿಸುತ್ತೀಯಾ? ಮೂರನೆಯ ಸಾರಿ ಅದನ್ನೇ ಕೇಳಿದಾಗ ಪೇತ್ರನಿಗೆ ದುಃಖವಾಯಿತು. ಅಂಗಳದಲ್ಲಿ ತಾನು ಏನು ಮಾಡಿದೆನೆಂದು ಇಬ್ಬರಿಗೂ ಗೊತ್ತಿತ್ತು. ತನ್ನ ಪರವಾಗಿ ತೋರಿಸಲು ಅವನ ಬಳಿ ಬೇರೇನೂ ಇರಲಿಲ್ಲ. ಕರ್ತನೇ, ನೀನು ಎಲ್ಲವನ್ನೂ ಬಲ್ಲೆ, ನಾನು ನಿನ್ನನ್ನು ಪ್ರೀತಿಸುತ್ತೇನೆಂಬುದೂ ನಿನಗೆ ಗೊತ್ತು ಎಂದ. ನನ್ನ ಕುರಿಗಳನ್ನು ಮೇಯಿಸು ಎಂದ ಯೇಸು.